ಬಚ್ಚಲ ನೆಲಕ್ಕೆ ಹೊಳಪೇಕೆ?

ಬಿಜ್ಜರಗಿಯಲ್ಲಿರುವ ನಮ್ಮ ಹಿರಿಯರ ಮನೆಯ ಬಚ್ಚಲಿಗೆ ಮೂರು ವರ್ಷಗಳ ಹಿಂದೆ ಹೊಸ ನೆಲ ಹಾಕಿಸಿದೆವು. ವಿಜಯಪುರದ ಅಂಗಡಿಯೊಂದರಲ್ಲಿ ಎರಡಡಿ ಉದ್ದಗಲದ, ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್ ಆರಿಸಿದವನು ನಾನೇ. ಹಳೆಯ ಶಹಾಬಾದ್ ಫರಸಿಯನ್ನು ಕಿತ್ತು ಹಿತ್ತಿಲಲ್ಲಿ ಒಟ್ಟಿದಾಗ ಅವ್ವ ಆಡಿದ್ದು ಒಂದೇ ಮಾತು: ‘ಇದರ ಮ್ಯಾಲ ನಿಂದ್ರೂದು ಹ್ಯಾಂಗೋ ತಮ್ಮಾ?’ ನಾನು ನಕ್ಕು ಸುಮ್ಮನಾದೆ. ಆರು ತಿಂಗಳೊಳಗೆ ಸೋಪಿನ ನೀರಿನ ಮೇಲೆ ಕಾಲಿಟ್ಟು ಅವ್ವ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಈಗ ಕೋಲೂರಿ ನಡೆಯುತ್ತಾಳೆ. ದ್ರಾಕ್ಷಿ ತೋಟಕ್ಕೆ ಹೋಗುವುದು ಮಾತ್ರ ನಿಂತೇ ಹೋಗಿದೆ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ನಾನು ಬಣ್ಣ ಕೇಳಿದೆ, ಬೆಲೆ ಕೇಳಿದೆ. ಜಾರುತ್ತದೆಯೇ ಎಂದು ಕೇಳಲಿಲ್ಲ.

ಇದು ನನ್ನೊಬ್ಬನ ಮನೆಯ ಕಥೆಯೆಂದು ನಾನು ಭಾವಿಸಿಲ್ಲ. ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ, ಒಣದ್ರಾಕ್ಷಿಗಳಿಂದ ನಾಲ್ಕು ಕಾಸು ಕೈಸೇರಿದವರು ಮೊದಲು ಮಾಡುವ ಕೆಲಸ ಮನೆ ಕಟ್ಟುವುದು ಇಲ್ಲವೆ ಇದ್ದ ಮನೆಯನ್ನು ಹೊಸದಾಗಿಸುವುದು. ಪಡಸಾಲೆಗೆ ತಂದ ಟೈಲ್ಸ್‌ನಲ್ಲಿ ಉಳಿದದ್ದು ಬಚ್ಚಲಿಗೆ ಹೋಗುತ್ತದೆ. ಅಂಗಡಿಯಲ್ಲಿ ನಾವು ಅದನ್ನು ನೋಡುವುದು ಒಣಗಿದ್ದಾಗ, ಝಗಮಗಿಸುವ ದೀಪದ ಕೆಳಗೆ. ಬಳಸುವುದು ನಸುಕಿನ ಮಬ್ಬಿನಲ್ಲಿ, ನೀರು–ನೊರೆಯ ನಡುವೆ, ಬರಿಗಾಲಿನಲ್ಲಿ. ನೋಡುವ ಪರಿಸ್ಥಿತಿಗೂ ಬಳಸುವ ಪರಿಸ್ಥಿತಿಗೂ ಇರುವ ಈ ಅಂತರವೇ ಅನಾಹುತದ ಮೂಲ.

ನಮ್ಮ ಕಡೆಯ ನೀರು ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪಿನೊಡನೆ ಕೂಡಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ನೆಲಕ್ಕೆ ಅಂಟುವ ಆ ತೆಳುಪದರ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ತಿಳಿಯುತ್ತದೆ. ನುಣುಪಾದ ಟೈಲ್ಸ್ ಮೇಲೆ ಈ ಜಿಡ್ಡು ಕುಳಿತರೆ ಹಿಡಿತವೆಂಬುದೇ ಉಳಿಯದು.

ಹಾಗೆಂದು ಹಳೆಯದೆಲ್ಲವೂ ಚೆನ್ನವೆಂಬ ವಾದ ನನ್ನದಲ್ಲ. ಭೀಮಾ ತೀರದ ಸುಣ್ಣಕಲ್ಲಾದ ಶಹಾಬಾದ್ ಫರಸಿ ಪದರಪದರವಾಗಿ ಬಿಡುವುದರಿಂದ ಅದರ ಮೈ ಸಹಜವಾಗಿಯೇ ತುಸು ಒರಟು. ಕಾಲಿಗೆ ಹಿಡಿತ ಕೊಡುತ್ತದೆ. ಆದರೆ ಅದು ಕಲೆ ಹಿಡಿಯುತ್ತದೆ, ಸಂದುಗಳಲ್ಲಿ ಕೊಳೆ ನಿಲ್ಲುತ್ತದೆ, ಉಜ್ಜದೆ ಬಿಟ್ಟರೆ ಪಾಚಿಗಟ್ಟಿ ಅದೂ ಜಾರುತ್ತದೆ. ಟೈಲ್ಸ್ ಬೇಡವೆಂದಲ್ಲ, ಎಂಥ ಟೈಲ್ಸ್ ಎಂಬುದೇ ಪ್ರಶ್ನೆ.

ಗುಜರಾತಿನ ಮೋರ್ಬಿಯಿಂದ ನಮ್ಮ ಮಾರುಕಟ್ಟೆಗೆ ನೂರಾರು ಬಗೆಯ ಟೈಲ್ಸ್ ಬರುತ್ತವೆ. ಗೋಡೆಯವು ಬೇರೆ, ನೆಲದವು ಬೇರೆ. ಗೋಡೆಯ ಟೈಲ್ಸ್ ತಮ್ಮ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರಬಲ್ಲವು. ಒಳ್ಳೆಯ ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇ 0.5ಕ್ಕಿಂತಲೂ ಕಡಿಮೆ. ಗೋಡೆಯದನ್ನು ನೆಲಕ್ಕೆ ಹಾಕಬಾರದು. ಜಾರದಿರುವ ಗುಣಕ್ಕೆ ಆರ್–9ರಿಂದ ಆರ್–13ರವರೆಗೆ ದರ್ಜೆಗಳಿವೆ. ಬಚ್ಚಲಿಗೆ ಆರ್–10 ಅಥವಾ ಅದಕ್ಕೂ ಮೇಲಿನದನ್ನು ಕೇಳಬೇಕು. ಈ ದರ್ಜೆ ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಒಂದು ಮಾದರಿಯನ್ನು ನೆಲಕ್ಕಿಟ್ಟು, ಸೋಪಿನ ನೀರು ಸುರಿದು, ಆಸರೆ ಹಿಡಿದು ಬರಿಗಾಲಿನಿಂದ ಒತ್ತಿ ನೋಡಬಹುದು. ನಾಚಿಕೊಳ್ಳುವ ಕಾರಣವಿಲ್ಲ, ದುಡ್ಡು ನಮ್ಮದು, ಕಾಲೂ ನಮ್ಮದೇ.

ಅಳತೆಯೂ ಮುಖ್ಯ. ಒಂದಡಿ ಅಥವಾ ಅದಕ್ಕಿಂತ ಚಿಕ್ಕ ಟೈಲ್ಸ್ ಹಾಕಿದರೆ ಸಂದುಗಳು ಹೆಚ್ಚುತ್ತವೆ. ಅವೇ ಕಾಲಿಗೆ ತಡೆ. ನೀರು ಹೋಗುವ ಜಾಲರಿಯ ಕಡೆಗೆ ನಾಲ್ಕೂ ದಿಕ್ಕಿನಿಂದ ಇಳಿಜಾರು ಕೊಡುವುದೂ ಸುಲಭ. ಒಂದು ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಇಳಿಜಾರು ಸಾಕು. ನಿಂತ ನೀರೇ ಜಾರಿಕೆಗೆ ದಾರಿ.

ಇನ್ನು ಆರೈಕೆ. ಗಡಸು ನೀರಿನ ಬಿಳಿ ಕಲೆ ಕಂಡೊಡನೆ ಆ್ಯಸಿಡ್ ಬಾಟಲಿಗೆ ಕೈಹಾಕುವ ಚಟ ನಮ್ಮಲ್ಲಿ ಬೆಳೆದಿದೆ. ಆ್ಯಸಿಡ್ ಕಲೆಯೊಂದಿಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಅಲ್ಲಿಂದ ನೀರಿಳಿದು ಟೈಲ್ಸ್ ಸಡಿಲಗೊಳ್ಳುತ್ತವೆ. ಶಹಾಬಾದ್ ಕಲ್ಲಿನ ಮೇಲೆ ಬಿದ್ದರೆ ನೊರೆಯೆದ್ದು ಕಲ್ಲೇ ಸವೆಯುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಬೆರೆತರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಸ್ನಾನವಾದೊಡನೆ ನೀರೆಳೆದು ನೆಲ ಒಣಗಿಸುವುದು, ವಾರಕ್ಕೆರಡು ಬಾರಿ ಬ್ರಷ್ಷಿನಿಂದ ತಿಕ್ಕುವುದು, ಟೈಲ್ಸ್ ಮೇಲೆ ಕಲೆ ಗಟ್ಟಿಯಾಗಿದ್ದರೆ ನೀರು ಬೆರೆಸಿದ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತಿಗೆ ತೊಳೆಯುವುದು– ಇಷ್ಟು ಸಾಕು. ಕಲ್ಲಿನ ನೆಲಕ್ಕೆ ವಿನೆಗರ್, ನಿಂಬೆರಸಗಳೂ ಬೇಡ.

2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದಾಗ ಹಳ್ಳಿಯ ಶೌಚಾಲಯವೊಂದಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಯಿತು. ಎಷ್ಟು ಕಟ್ಟಲಾಯಿತೆಂಬ ಲೆಕ್ಕ ಇಡಲಾಯಿತು. ಅವುಗಳ ನೆಲದ ಮೇಲೆ ಮುದುಕರು, ಬಸುರಿಯರು, ಅಂಗವಿಕಲರು ನಿಲ್ಲಬಲ್ಲರೇ ಎಂಬ ಪ್ರಶ್ನೆಯನ್ನೂ ಅಷ್ಟೇ ಕಾಳಜಿಯಿಂದ ಕೇಳಬೇಕಿದೆ. ಇನ್ನು ಮುಂದೆ ಸರ್ಕಾರಿ ವಸತಿನಿಲಯ, ಆಸ್ಪತ್ರೆ, ಶಾಲೆಗಳ ಶೌಚಾಲಯಗಳ ಅಂದಾಜು ಪಟ್ಟಿಯಲ್ಲಿ ಜಾರದ ನೆಲ ಮತ್ತು ಹಿಡಿಕೆಗಳು ಕಡ್ಡಾಯವಾಗಲಿ. ಟೈಲ್ಸ್ ಪೆಟ್ಟಿಗೆಯ ಮೇಲೆ ಬೆಲೆಯಷ್ಟೇ ಸ್ಪಷ್ಟವಾಗಿ ಜಾರುವ ದರ್ಜೆಯೂ ನಮ್ಮ ಭಾಷೆಯಲ್ಲಿ ಅಚ್ಚಾಗಲಿ.

ನಮ್ಮ ಬಚ್ಚಲಿಗೆ ಈಗ ಮತ್ತೊಮ್ಮೆ ನೆಲ ಹಾಕಿಸಿದ್ದೇವೆ: ಮಾಸಲು ಬಣ್ಣದ, ಒರಟು ಮೈಯ, ಒಂದಡಿಯ ಟೈಲ್ಸ್, ಗೋಡೆಗೆ ಉಕ್ಕಿನ ಹಿಡಿಕೆ. ಬಂದವರು ಯಾರೂ ಅದನ್ನು ಹೊಗಳುವುದಿಲ್ಲ. ಅವ್ವ ಮಾತ್ರ ಕೋಲನ್ನು ಬಾಗಿಲ ಬಳಿ ಬಿಟ್ಟು, ಹಿಡಿಕೆ ಹಿಡಿದು, ಯಾರನ್ನೂ ಕರೆಯದೆ ತಾನೇ ಒಳಗೆ ಹೋಗಿ ಬರುತ್ತಾಳೆ. ಮೊದಲ ಸಲವೇ ಅವಳ ಪ್ರಶ್ನೆಗೆ ಕಿವಿಗೊಟ್ಟಿದ್ದರೆ ಈ ಕೋಲೇ ಬೇಕಾಗುತ್ತಿರಲಿಲ್ಲ.