ಕೇಳಿಸಿಕೊಳ್ಳುವುದೂ ಒಂದು ಕಸುಬು

ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಎಂಬಾರೆ ಅನ್ನುವ ಬಡವರ ಬಡಾವಣೆಯಿದೆ. 2005ರಲ್ಲಿ ಅಲ್ಲಿನ ಸರ್ಕಾರ ನಗರ ಸ್ವಚ್ಛತೆಯ ಹೆಸರಿನಲ್ಲಿ ದೇಶದುದ್ದಕ್ಕೂ ಗುಡಿಸಲು, ಗೂಡಂಗಡಿಗಳನ್ನು ನೆಲಸಮ ಮಾಡಿತು. ಮನೆಯನ್ನೋ ಹೊಟ್ಟೆಪಾಡನ್ನೋ ಕಳೆದುಕೊಂಡವರು ಸುಮಾರು 7 ಲಕ್ಷ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಅದೇ ಹೊತ್ತಿಗೆ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು ನೋಡುತ್ತಿದ್ದ ಒಬ್ಬ ಯುವತಿ ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಯಾಕೆ ಕರೆತರಲಿಲ್ಲ ಎಂದು ಅವರು ಕೇಳಿದಾಗ, ಹರಾರೆಗೆ ಬರಲು ಬಸ್ ಚಾರ್ಜಿಗೆ ಬೇಕಾದ 15 ಡಾಲರ್ ಇರಲಿಲ್ಲ ಎಂದರು ಆಕೆಯ ತಾಯಿ. ಆಗ ಇಡೀ ದೇಶದಲ್ಲಿ ಇದ್ದ ಮನೋವೈದ್ಯರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಜನರಿದ್ದಲ್ಲಿಗೇ ಚಿಕಿತ್ಸೆ ಒಯ್ಯಬೇಕು ಎಂದು ಹೊರಟ ಚಿಬಾಂಡಾ ಅವರಿಗೆ ಎಂಬಾರೆಯ ಕ್ಲಿನಿಕ್ಕಿನಲ್ಲಿ ಒಂದು ಕೋಣೆಯೂ ಸಿಗಲಿಲ್ಲ, ಒಬ್ಬ ನರ್ಸೂ ಸಿಗಲಿಲ್ಲ. ಸಿಕ್ಕಿದ್ದು 14 ಮಂದಿ ಅಜ್ಜಿಯರು. ಅದೇ ಬಡಾವಣೆಯಲ್ಲಿ ಆರೋಗ್ಯ ಸ್ವಯಂಸೇವಕಿಯರಾಗಿ ಓಡಾಡಿಕೊಂಡಿದ್ದವರು. ಒಳಗೆ ಜಾಗವಿಲ್ಲವಾದ್ದರಿಂದ ಹೊರಗೆ ಮರದ ಬೆಂಚು ಹಾಕಿದರು. ಅದಕ್ಕೆ ಮಾನಸಿಕ ಆರೋಗ್ಯದ ಹೆಸರಿಡಲು ಹೊರಟ ಡಾಕ್ಟರನ್ನು ತಡೆದವರೂ ಅಜ್ಜಿಯರೇ. ಹಾಗೆ ಬರೆದರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂದರು. ಹಾಗಾಗಿ ಅದು ‘ಗೆಳೆತನದ ಬೆಂಚು’ ಆಯಿತು.

ಬೆಂಚಿನ ಮೇಲೆ ನಡೆಯುವುದೇನು? ಮೊದಲು 14 ಪ್ರಶ್ನೆಗಳು. ಕಳೆದ ವಾರ ಸರಿಯಾಗಿ ನಿದ್ದೆ ಬಂತೆ? ಸಣ್ಣಪುಟ್ಟದ್ದಕ್ಕೆಲ್ಲ ಸಿಟ್ಟು ಬಂತೆ? ಅತ್ತಿರಾ, ಅಳಬೇಕು ಅನ್ನಿಸಿತೆ? ಹೊಟ್ಟೆನೋವು ಇತ್ತೆ? ಕೆಲಸ ಹಿಂದೆ ಬಿತ್ತೆ? ಸಾಯಬೇಕು ಅನ್ನಿಸಿತೆ? ಇವೆಲ್ಲ ಶೋನಾ ಭಾಷೆಯ ಜನ ತಮ್ಮ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂದು ನೋಡಿಯೇ ಸಿದ್ಧಪಡಿಸಿದ ಪ್ರಶ್ನೆಗಳು. ಆಮೇಲೆ ಬಂದವಳು ತನ್ನ ಕಷ್ಟಗಳನ್ನೆಲ್ಲ ಹೊರಗೆ ಹಾಕುತ್ತಾಳೆ: ಗಂಡನ ಹೊಡೆತ, ಬಾಡಿಗೆ ಬಾಕಿ, ಎಚ್‌ಐವಿ, ಮಗುವಿನ ಜ್ವರ. ಅಷ್ಟರಲ್ಲಿ ಮೊದಲು ಹಿಡಿಯಬೇಕಾದ್ದು ಯಾವುದು ಎಂದು ಆರಿಸುವವಳು ಅವಳೇ, ಅಜ್ಜಿಯಲ್ಲ. ಆ ಒಂದಕ್ಕೆ ಮುಂದಿನ ಭೇಟಿಯೊಳಗೆ ಏನು ಮಾಡಬಹುದು ಎಂದು ಇಬ್ಬರೂ ಕೂತು ಲೆಕ್ಕ ಹಾಕುತ್ತಾರೆ. ಸುಮಾರು ಆರು ಭೇಟಿಗಳಲ್ಲಿ ಇದು ನಡೆಯುತ್ತದೆ. ಆಮೇಲೆ ಬೆಂಚಿಗೆ ಬಂದವರೇ ಸೇರಿಕೊಂಡ ಗುಂಪು. ಅಲ್ಲಿ ಕೂತು ಹಳೆಯ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತ ಮಾತು, ಒಂದಿಷ್ಟು ಸಂಪಾದನೆ.

ಇದನ್ನು ಪರೀಕ್ಷೆಗೂ ಒಡ್ಡಿದರು. ಹರಾರೆಯ 24 ಕ್ಲಿನಿಕ್ಕುಗಳಲ್ಲಿ 573 ಮಂದಿಯ ಮೇಲೆ ನಡೆದ ಅಧ್ಯಯನ 2016ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 49.9ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಅಜ್ಜಿಯರ ಜೊತೆ ಕೂತವರಲ್ಲಿ ಅದು ಶೇ 13.7. ಅಧ್ಯಯನದಲ್ಲಿದ್ದವರಲ್ಲಿ ಹತ್ತಕ್ಕೆ ನಾಲ್ವರು ಎಚ್‌ಐವಿ ಸೋಂಕಿತರು ಅನ್ನುವುದನ್ನೂ ನೆನಪಿಡಬೇಕು. ಅವರ ಬದುಕಿನ ಕಷ್ಟ ಹಾಗೇ ಇತ್ತು. ಆ ಕಷ್ಟದೊಳಗೆ ಹೆಜ್ಜೆ ಎಲ್ಲಿಡಬೇಕು ಎಂಬುದು ಗೊತ್ತಾಗಿತ್ತು.

ಇದೇನು ದೊಡ್ಡ ಸಂಗತಿ, ನಮ್ಮಲ್ಲಿ ಅರಳಿಕಟ್ಟೆ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು. ಆದರೆ ಅಲ್ಲಿ ಕೂರುತ್ತಿದ್ದವರು ಯಾರು? ಊರಿನ ಗಂಡಸರು, ಅದರಲ್ಲೂ ಕೆಲವೇ ಜಾತಿಯವರು. ಗಂಡನ ಕುಡಿತದಿಂದ ಬೇಸತ್ತ ಹೆಂಗಸು ಅಲ್ಲಿ ಬಾಯಿ ಬಿಟ್ಟಿದ್ದರೆ ಸಂಜೆಯೊಳಗೆ ಊರೆಲ್ಲ ಸುದ್ದಿ, ಮರುದಿನ ಪಂಚಾಯ್ತಿ. ಮನೆಯೊಳಗೂ ಅಷ್ಟೇ. ದುಃಖ ಹೇಳಿಕೊಂಡವರಿಗೆ ನಮ್ಮವರು ಕೊಡುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ಎಲ್ಲರ ಮನೆ ದೋಸೆನೂ ತೂತೇ, ಧೈರ್ಯ ತಗೋ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಕೇಳುವವಳಿಗೆ ಅದರ ಅರ್ಥ ಒಂದೇ: ಇನ್ನು ಸಾಕು, ಸುಮ್ಮನಿರು.

ಬಾಯಿ ಮುಚ್ಚಿಕೊಂಡ ದುಃಖ ಮೈಗೆ ಇಳಿಯುತ್ತದೆ. ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಳಗಿನ ಸಾಲಿನಲ್ಲಿ ನಿಂತು ನೋಡಿ. ತಲೆ ಭಾರ, ಕೈಕಾಲು ಸೆಳೆತ, ಎದೆ ಡವಡವ, ಸುಸ್ತು, ರಾತ್ರಿ ಕಣ್ಣಿಗೆ ನಿದ್ದೆ ಹತ್ತಲ್ಲ. ಸಾಲು ಬಾಗಿಲಾಚೆಗೂ ಬೆಳೆದಿರುವಾಗ ಡಾಕ್ಟರಿಗೆ ಒಬ್ಬೊಬ್ಬರಿಗೆ ಸಿಗುವುದು ಒಂದೆರಡು ನಿಮಿಷ. ಶಕ್ತಿ ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಾರೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಈ ಸಾಲಿನ ಗಾತ್ರವನ್ನು ತೋರಿಸಿತು. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಹರಾರೆಯಿಂದ ಕಲಿಯಬೇಕು ಅನ್ನುವುದೇ ಸ್ವಲ್ಪ ನಾಚಿಕೆಯ ಸಂಗತಿ. ಹಳ್ಳಿಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಬಹುದು ಎಂದು 1980ರ ದಶಕದಲ್ಲೇ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆ, ನಿಮ್ಹಾನ್ಸ್‌ನ ನೇತೃತ್ವದಲ್ಲಿ. ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಬೆಂಗಳೂರಿನಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋವಿಜ್ಞಾನವನ್ನು ಕನ್ನಡದ ಮನೆಮನೆಗೆ ಮುಟ್ಟುವಂತೆ ಬರೆದದ್ದಲ್ಲದೆ, ವೈದ್ಯರಲ್ಲದ ಸಾಮಾನ್ಯರಿಗೆ ಆಪ್ತಸಲಹೆಯ ತರಬೇತಿ ಕೊಟ್ಟು, ‘ಸಮಾಧಾನ’ ಕೇಂದ್ರದಲ್ಲಿ ಉಚಿತ ಸಲಹೆಯ ಏರ್ಪಾಟು ಮಾಡಿದರು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಸರ್ಕಾರದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ.

ಹಾಗಿದ್ದರೆ ಕೊರತೆ ಎಲ್ಲಿ? ಮಂಗಳವಾರದ ಡಾಕ್ಟರಿಗೂ ಮನೆಯ ಅಡುಗೆಕೋಣೆಗೂ ನಡುವೆ ಇರುವ ಜಾಗದಲ್ಲಿ. ಹುಚ್ಚು ಅನ್ನಿಸಿಕೊಳ್ಳದೆ, ಮಾತ್ರೆಯ ಹಂಗಿಲ್ಲದೆ, ಮುಕ್ಕಾಲು ಗಂಟೆ ಕೂತು ಮಾತಾಡಬಹುದಾದ ಜಾಗ ಅದು. ಅಲ್ಲಿ ಕೂರುವವರಿಗೆ ಮರುಕ ಒಂದಿದ್ದರೆ ಸಾಲದು. ಎದುರಿನವರು ಅತ್ತಾಗ ಸುಮ್ಮನಿರಲು ಬರಬೇಕು, ಉಪದೇಶವನ್ನು ನುಂಗಿಕೊಳ್ಳಲು ಬರಬೇಕು, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬರಬೇಕು. ಇದು ತನ್ನ ಕೈ ಮೀರಿದ್ದು, ಡಾಕ್ಟರಿಗೆ ಕಳಿಸಬೇಕು ಎಂದು ಗುರುತಿಸುವುದಂತೂ ಬರಲೇಬೇಕು. ಇದೆಲ್ಲ ಕಲಿತು ಬರುವ ವಿದ್ಯೆ. ಇದರಲ್ಲಿ ಅಜ್ಜಿಯರಿಗೂ ರಿಯಾಯಿತಿ ಇರಲಿಲ್ಲ. ಅವರೂ ತರಬೇತಿ ಪಡೆದೇ ಬೆಂಚಿಗೆ ಬಂದವರು, ಅವರ ಹಿಂದೆ ನರ್ಸುಗಳೂ ವೈದ್ಯರೂ ಇದ್ದರು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಬೆಂಚು ಮದ್ದಲ್ಲ.

ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿದರಾಯಿತು ಎಂದು ಇಲಾಖೆ ಯೋಚಿಸುವುದು ಖಂಡಿತ. ಬೇಡ. ಗರ್ಭಿಣಿಯರ ಪಟ್ಟಿಯಿಂದ ಹಿಡಿದು ಮೊಬೈಲ್ ಆ್ಯಪಿನವರೆಗೆ ಅವರಿಗಿರುವ ಕೆಲಸವೇ ಮೈತುಂಬ. ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾದವರಿಗೆ ಊರಿನ ದುಃಖ ಕೇಳುವ ಹೊಣೆಯನ್ನು ಪುಕ್ಕಟೆಯಾಗಿ ಹೊರಿಸುವುದು ಅನ್ಯಾಯ. ನಿವೃತ್ತ ಶಿಕ್ಷಕಿಯರು, ಅಂಗನವಾಡಿಯಿಂದ ನಿವೃತ್ತರಾದವರು, ಸ್ತ್ರೀಶಕ್ತಿ ಸಂಘದ ಹಿರಿಯರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಆಯ್ಕೆಯಲ್ಲಿ ಒಂದು ಎಚ್ಚರ ಬೇಕು: ಮೇಲ್ಜಾತಿಯ ಅಜ್ಜಿಯ ಪಕ್ಕ ದಲಿತ ಕೇರಿಯ ಹುಡುಗಿ ಸಂಕೋಚವಿಲ್ಲದೆ ಕೂತು ಮಾತಾಡಿಯಾಳೆ? ಕೇರಿಯಿಂದಲೂ ಒಬ್ಬ ಅಜ್ಜಿ ಬೆಂಚಿನ ಮೇಲಿರಬೇಕು, ಅವರಿಗೂ ಅಷ್ಟೇ ಗೌರವಧನ ಸಿಗಬೇಕು. ಗಂಡಸರಿಗೆ ಇನ್ನೊಂದೇ ದಾರಿ ಹುಡುಕಬೇಕಾಗಬಹುದು. ಸಾಲದ ಸುಳಿಗೆ ಸಿಕ್ಕ ರೈತ ತನ್ನ ಸೋಲನ್ನು ಹೆಂಗಸಿನ ಮುಂದೆ ಹೇಳಿಕೊಳ್ಳುವುದು ಸುಲಭವಲ್ಲ.

ಆರೋಗ್ಯ ಇಲಾಖೆ ಒಂದು ತಾಲ್ಲೂಕನ್ನು ಆರಿಸಿ, ನಿಮ್ಹಾನ್ಸ್‌ನಿಂದ ತರಬೇತಿ ಕೊಡಿಸಿ, ಒಂದು ವರ್ಷ ನಡೆಸಿ, ಫಲಿತಾಂಶವನ್ನು ಜನರ ಮುಂದಿಡಲಿ. ಬಳ್ಳಾರಿ ಜಿಲ್ಲೆಯಿಂದಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ತೀರಾ ಕಷ್ಟದಲ್ಲಿರುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.