ಎರಡು ಬಯಾಪ್ಸಿ ವರದಿ ಬೇರೆ ಬೇರೆ ಬಂದರೆ ಪರೀಕ್ಷೆಯೇ ಸುಳ್ಳೇ?

‘ಒಂದು ಕಡೆ ಕ್ಯಾನ್ಸರ್ ಅಂದರು, ಇನ್ನೊಂದು ಕಡೆ ಅಲ್ಲ ಅಂದರು. ಬಯಾಪ್ಸಿ ನಂಬಬೇಡಿ’ ಎನ್ನುವ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಹೊಸಮನೆಯ ಒಂದು ಕುಟುಂಬ ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸಿ, ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೆ ಹೋಯಿತು ಎಂದುಕೊಳ್ಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹಳೆಯ ಸ್ಲೈಡನ್ನು ಮತ್ತೊಮ್ಮೆ ನೋಡುವುದು ರೂಢಿ. ಆಗ ವರದಿ ಬದಲಾದರೆ ಫಾರ್ವರ್ಡ್ ನಿಜ ಅನ್ನಿಸುತ್ತದೆ. ಹಾಗಾದರೆ ವಾಸ್ತವ ಏನು?

ಪರೀಕ್ಷೆ ಹೇಗೆ ನಡೆಯುತ್ತದೆ?

ಅನ್ನನಾಳ, ಜಠರ ಅಥವಾ ಕರುಳಿನಿಂದ ಕೆಲವೇ ಮಿಲಿಮೀಟರ್ ಗಾತ್ರದ ತುಣುಕು ತೆಗೆದು, ಮೇಣದ ಬ್ಲಾಕ್‌ನಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೆಳೆದ ಕ್ಯಾನ್ಸರ್ ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಕಾಣುತ್ತದೆ.

ವ್ಯತ್ಯಾಸ ಯಾಕೆ ಬರುತ್ತದೆ?

ಮೊದಲನೆಯದು, ತುಣುಕು. 1982ರ ಒಂದು ಅಧ್ಯಯನದಲ್ಲಿ ಜಠರದ ಕ್ಯಾನ್ಸರ್ ಒಂದೇ ತುಣುಕಿನಲ್ಲಿ ಸುಮಾರು ಶೇ 70ರಷ್ಟು ಸಲ ಸಿಕ್ಕಿತು. ಏಳು ತುಣುಕು ತೆಗೆದಾಗ ಶೇ 98ಕ್ಕಿಂತ ಹೆಚ್ಚು. ಕೆಲವು ಕ್ಯಾನ್ಸರ್ ಒಳಪದರದ ಕೆಳಗೇ ಹರಡುವುದರಿಂದ ತಪ್ಪಿಸಿಕೊಳ್ಳಬಹುದು.

ಎರಡನೆಯದು, ಗಡಿರೇಖೆ. 1997ರಲ್ಲಿ ಜಪಾನ್ ಮತ್ತು ಪಾಶ್ಚಾತ್ಯ ದೇಶಗಳ ಎಂಟು ತಜ್ಞರಿಗೆ ಜಠರದ ಅವೇ 35 ಮಾದರಿಗಳನ್ನು ತೋರಿಸಲಾಯಿತು. ಜಪಾನಿನವರು ಕೋಶಗಳ ರೂಪ ನೋಡಿಯೇ ಕ್ಯಾನ್ಸರ್ ಎಂದರು; ಉಳಿದವರು ಅದು ಪಕ್ಕದ ಪದರಕ್ಕೆ ನುಗ್ಗಿದ್ದರೆ ಮಾತ್ರ ಹಾಗೆಂದರು. ಕಂಡದ್ದು ಒಂದೇ, ಹೆಸರು ಬೇರೆ. ಈ ಗೊಂದಲ ತಗ್ಗಿಸಲು 1998ರಲ್ಲಿ ವಿಯೆನ್ನಾದಲ್ಲಿ ತಜ್ಞರು ಸೇರಿ ಐದು ವರ್ಗಗಳನ್ನು ಒಪ್ಪಿಕೊಂಡರು. ಅದರಲ್ಲಿ ‘ಖಚಿತವಾಗಿ ಹೇಳಲಾಗದು’ ಎಂಬುದೂ ಒಂದು ವರ್ಗ.

ಮೂರನೆಯದು, ಬಗೆ. ಕ್ಯಾನ್ಸರ್ ಹೌದು, ಆದರೆ ಯಾವುದು? ಲಿಂಫೋಮಾ, ಜಿಸ್ಟ್‌ನಂಥವುಗಳನ್ನು ಖಚಿತಪಡಿಸಲು ಐಎಚ್‌ಸಿ ಎಂಬ ಹೆಚ್ಚುವರಿ ಪರೀಕ್ಷೆ ಬೇಕು. ಬಗೆ ಬದಲಾದರೆ ಔಷಧವೂ ಬದಲಾಗುತ್ತದೆ.

ಬಯಾಪ್ಸಿಯೇ ಬೇಡ ಎಂದರೆ?

ನಮ್ಮಲ್ಲಿ ಕರುಳಿನ ಕ್ಷಯವೂ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆ ಕಾಣಬಹುದು. ಅದು ಮಾತ್ರೆಗಳಿಂದ ಗುಣವಾಗುವ ಕಾಯಿಲೆ. ಎರಡನ್ನೂ ಬೇರ್ಪಡಿಸಲು ಬಯಾಪ್ಸಿ ಬೇಕಾಗುತ್ತದೆ.

ನೀವು ಏನು ಮಾಡಬಹುದು?

ವರದಿಯ ಬಗ್ಗೆ ಅನುಮಾನವಿದ್ದರೆ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ವರದಿಯ ಕಾಗದವಷ್ಟೇ ಸಾಲದು. ವರದಿ ‘ನೆಗೆಟಿವ್’ ಇದ್ದರೂ ನುಂಗಲು ಕಷ್ಟ, ತೂಕ ಇಳಿಕೆ, ಮಲದಲ್ಲಿ ರಕ್ತ ಮುಂದುವರಿದರೆ ಮತ್ತೆ ವೈದ್ಯರನ್ನು ಕಾಣಿ.

ನಮ್ಮ ತೀರ್ಮಾನ: ವರದಿಗಳು ಬೇರೆಯಾಗುವುದು ನಿಜ. ಅದರಿಂದ ಬಯಾಪ್ಸಿ ಮೋಸ ಎಂಬುದು ತಪ್ಪು. ಆ ಫಾರ್ವರ್ಡ್ ನಂಬಿ ತಡಮಾಡಿದರೆ ಕಳೆದುಹೋಗುವುದು ಚಿಕಿತ್ಸೆಯ ಸಮಯ.