ಮಿತಭಾಷೆಯ ಬೋಗಿ

ಅಮೆರಿಕದ ಫಿಲಡೆಲ್ಫಿಯಾದಿಂದ ವಾಷಿಂಗ್ಟನ್‌ಗೆ ಮುಂಜಾನೆಯ ರೈಲಿನಲ್ಲಿ ನಿತ್ಯ ಪಯಣಿಸುತ್ತಿದ್ದ ಉದ್ಯೋಗಿಗಳು 2000ನೇ ಇಸವಿಯ ಸುಮಾರಿಗೆ ಮೊಬೈಲ್ ಸದ್ದಿಲ್ಲದ ಬೋಗಿಯೊಂದನ್ನು ಕೇಳಿ ಪಡೆದರು. ಅನಂತರ ಅಲ್ಲಿನ ಹಲವು ನಗರಗಳ ಉಪನಗರ ರೈಲುಗಳಲ್ಲೂ ನಿಶ್ಶಬ್ದ ಬೋಗಿಗಳು ಬಂದವು. ಅಲ್ಲಿ ಫೋನ್ ಕರೆ ಸಲ್ಲದು. ಮೆಲುದನಿಯ ಮಾತಿಗೆ ಅಡ್ಡಿಯಿಲ್ಲ.

ಮುನಿಗಳು ಪಾಲಿಸುವ ಭಾಷಾಸಮಿತಿಯ ಆಶಯವೂ ಹಿತ, ಮಿತ, ಪ್ರಿಯವಾದ ನುಡಿಯೇ. ಗೃಹಸ್ಥರ ಅನರ್ಥದಂಡವಿರತಿ ವ್ರತದಲ್ಲಿ ‘ಮೌಖರ್ಯ’, ಅಂದರೆ ಹುರುಳಿಲ್ಲದ ವಾಚಾಳಿತನ, ಒಂದು ಅತಿಚಾರ. ದಣಿದ ಸಹಪಯಣಿಗನ ನೆಮ್ಮದಿಯನ್ನು ಅನಗತ್ಯ ಮಾತಿನಿಂದ ಕದಡುವುದೂ ಸೂಕ್ಷ್ಮ ಹಿಂಸೆಯೇ.

ಆದರೆ ನಿಯಮ ಮೀರಿದವನನ್ನು ಎಲ್ಲರೆದುರು ಗದರುವವನೂ ಕ್ರೋಧಕಷಾಯಕ್ಕೆ ವಶನಾಗಿ ಅದೇ ಮೌನವನ್ನು ಮುರಿಯುತ್ತಾನೆ. ದನಿ ತಗ್ಗಿಸಿ ವಿನಂತಿಸುವುದೇ ಶ್ರಾವಕನಿಗೆ ತಕ್ಕ ದಾರಿ. ವಚನಗುಪ್ತಿ ತನ್ನ ನಾಲಗೆಯಿಂದಲೇ ಆರಂಭವಾಗಬೇಕು.